ಸುಂಕದವಳ ಮುಂದೆ

ಹಡಗಿಗಿಂತ ಮೊದಲು ಅದರ ಕಾಗದ ಬಂದು
ನನ್ನ ಮೇಜಿಗೆ ಲಂಗರು ಹಾಕುತ್ತದೆ.
ಹೆಸರು, ಧ್ವಜ, ಉದ್ದ, ನಿವ್ವಳ ಟನ್ನು,
ಹೊಟ್ಟೆಯಲ್ಲಿ ಎಣ್ಣೆ ಎಷ್ಟು,
ಈ ಮೂರು ತಿಂಗಳಲ್ಲಿ ನಮ್ಮ ಬೇರಾವ ಬಂದರಿನಲ್ಲಾದರೂ
ತೆತ್ತಿದ್ದೀರಾ?
ತೆತ್ತಿದ್ದರೆ ರಸೀದಿ.
ಇಲ್ಲವಾದರೆ, ಇಗೋ, ಲೆಕ್ಕ.

ಗ್ಲಾಡ್‌ಸ್ಟನ್ನಿನ ಈ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದೇನೆ.
ಕಲ್ಲಿದ್ದಲ ಧೂಳು ಕೀಬೋರ್ಡಿನ ಸಂದಿಗೂ ಇಳಿದಿದೆ,
ಒರೆಸಿದರೆ ಬೆರಳು ಕಪ್ಪು, ಒರೆಸದಿದ್ದರೆ ಅಕ್ಷರ ಕಪ್ಪು.
ಕ್ಯಾಪ್ಟನ್ನರು ಗೊಣಗುತ್ತಾರೆ, ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ:
ಉಪಗ್ರಹ ದಾರಿ ತೋರುವಾಗ ಯಾರಿಗೆ ಬೇಕು ನಿಮ್ಮ ದೀಪ?
ನಾನು ವಾದಕ್ಕಿಳಿಯುವುದಿಲ್ಲ. ಮೊತ್ತ ಹೇಳುತ್ತೇನೆ, ಸೆಂಟೂ ಬಿಡದೆ.

ಆದರೂ ಆ ಕಾಸು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು.
ಒಂದಿಷ್ಟು, ಹವಳದ ಬಂಡೆಗಳ ನಡುವೆ ತೇಲುವ ಬೋಯಾದ
ಬುಡಕ್ಕಂಟಿದ ಚಿಪ್ಪು ಹೆರೆಯುವವನ ಕೂಲಿಗೆ.
ಒಂದಿಷ್ಟು, ಯಾವ ಗೋದಾಮಿನಲ್ಲೋ ಸುರುಳಿ ಸುತ್ತಿ ಮಲಗಿರುವ,
ಎಂದೂ ಬಿಚ್ಚುವ ಹೊತ್ತು ಬಾರದಿರಲಿ ಎಂದು ಎಲ್ಲರೂ ಹಾರೈಸುವ
ಎಣ್ಣೆ ತಡೆಯುವ ಕಿತ್ತಳೆ ಬೇಲಿಗೆ.
ಮತ್ತೆ ಬಸ್ಟರ್ಡ್ ಹೆಡ್‌ನ ದೀಪಕ್ಕೆ.

ಆ ದೀಪಕ್ಕೆ ನಮ್ಮ ಮನೆಯ ಬಾಕಿಯೂ ಇದೆ.
ಅಪ್ಪ, ಕ್ಲೈವ್ ಟ್ಯಾಲಿಸ್, ಏಡಿ ಹಿಡಿಯುತ್ತಿದ್ದ;
ಇಪ್ಪತ್ತಡಿ ದೋಣಿ, ಒಂದೇ ಎಂಜಿನ್ನು, ಅದೂ ಮುಂಗೋಪಿ.
ಅಷ್ಟು ಚಿಕ್ಕ ದೋಣಿಯನ್ನು ಕಾನೂನು ಸುಂಕ ಕೇಳುವುದಿಲ್ಲ.
ನಲವತ್ತು ವರ್ಷ ಆ ಬೆಳಕನ್ನು ಬಿಟ್ಟಿ ತಿಂದು
ಮನೆಗೆ ಬಂದ, ಹುಬ್ಬಿಗೆ ಉಪ್ಪು ಮೆತ್ತಿಕೊಂಡು,
ಯಾವುದೋ ಗ್ರೀಕ್ ಮಾಲೀಕನ, ಯಾವುದೋ ಕೊರಿಯದ ಕಂಪನಿಯ
ಋಣದಲ್ಲಿ, ಅವರಿಗೂ ಗೊತ್ತಿಲ್ಲದೆ, ಇವನಿಗೂ ಗೊತ್ತಿಲ್ಲದೆ.
ದೀಪ ರಸೀದಿ ಕೇಳಲಿಲ್ಲ.
ಕೇಳುವುದು ನನ್ನ ಕೆಲಸ.

ಕಳೆದ ಆಗಸ್ಟಿನಲ್ಲಿ ಆಲ್ಥಿಯಾ ವೆಂಚರ್ ಬಂತು.
ಧ್ವಜ ಒಂದು ದೇಶದ್ದು, ಮಾಲೀಕ ಇನ್ನೊಂದರವನು.
ಏಜೆಂಟನ ಹಿಂದೆ ಕಾಗದ ಹೊತ್ತು ಬಂದವನು ಅಡುಗೆಯವನು,
ಹೆರ್ಮೊಹೆನೆಸ್, ಇಲೋಯ್ಲೊ ಕಡೆಯವನು.
ಏಜೆಂಟ್ ಫೋನೆತ್ತಿಕೊಂಡು ಹೊರಗೆ ಹೋದ ಅರೆನಿಮಿಷದಲ್ಲಿ
ಗಾಜಿಗೆ ಬಾಯಿ ಹಚ್ಚಿ ಹೇಳಿದ:
ಐದು ತಿಂಗಳು ಸಂಬಳವಿಲ್ಲ, ಮೇಡಂ.
ಅಕ್ಕಿಯಲ್ಲಿ ಹುಳ. ಆರಿಸುವುದರಲ್ಲೇ ನನ್ನ ಬೆಳಗು ಮುಗಿಯುತ್ತದೆ.

ಸುಂಕದವನ ಮುಂದೆ ಸುಖದುಃಖ ಹೇಳಬೇಡ ಎನ್ನುತ್ತದೆ ಗಾದೆ.
ಗಾದೆ ಸುಳ್ಳಲ್ಲ; ನನ್ನ ನಮೂನೆಯಲ್ಲಿ
ದುಃಖಕ್ಕೊಂದು ಕಾಲಮ್ಮಿಲ್ಲ.
ಮೊತ್ತ ಹೇಳಿದೆ. ರಸೀದಿ ಹರಿದೆ.
ಹರಿಯುವ ಮೊದಲು ಅದರ ಬೆನ್ನಿಗೆ
ಒಂದು ಫೋನ್ ನಂಬರು ಬರೆದೆ, ಸಣ್ಣದಾಗಿ.

ಮರುದಿನ ಇನ್‌ಸ್ಪೆಕ್ಟರ್ ಇಮೊಜೆನ್ ಕ್ವಿಲ್ಟಿ ಹಡಗಿನ ಏಣಿ ಹತ್ತಿದಳು.
ಮೊಣಕಾಲು ನೋವಿನವಳು, ಮೆಟ್ಟಿಲಿಗೊಮ್ಮೆ ಬೈಯುತ್ತ.
ಅಕ್ಕಿ ನೋಡಿದಳು, ಸಂಬಳದ ಪುಸ್ತಕ ನೋಡಿದಳು,
ಜೀವರಕ್ಷಕ ದೋಣಿಯ ಕೊಕ್ಕೆ ಎಳೆದಳು: ತುಕ್ಕು ಕೈಗೇ ಬಂತು.
ಹೊರಡುವಂತಿಲ್ಲ, ಎಂದಳು.
ಅವಳ ಸಂಬಳ, ಅವಳ ಟಾರ್ಚು, ಅವಳ ಬೂಟು,
ಎಲ್ಲ ಹಿಂದಿನ ದಿನ ಆ ಹಡಗೇ ನನ್ನ ಕಿಟಕಿಯಲ್ಲಿ
ಎಣಿಸಿಕೊಟ್ಟಂಥ ಕಾಸಿನಿಂದಲೇ.
ತನ್ನ ಮೂಗುದಾರಕ್ಕೆ ತಾನೇ ಹಣ ತೆತ್ತು
ಹನ್ನೊಂದು ದಿನ ನಿಂತಿತು
ಎಪ್ಪತ್ತು ಸಾವಿರ ಟನ್ನಿನ ಎತ್ತು.

ಹನ್ನೆರಡನೆಯ ದಿನ ಸಂಬಳ ಬಂತಂತೆ. ಅಂತೆ.
ಹೆರ್ಮೊಹೆನೆಸ್ ಕಿಟಕಿಗೆ ಬರಲಿಲ್ಲ; ಬರಬೇಕೆಂದೇನೂ ಇಲ್ಲ.

ಮಾರ್ಚಿನಲ್ಲಿ ಇನ್ನೊಂದು ಕಾಗದ ಬಂತು.
ಹೊಸ ಹೆಸರು, ಹೊಸ ಧ್ವಜ, ಬಣ್ಣವೂ ಹೊಸದಿರಬೇಕು.
ಹುಟ್ಟಿನೊಂದಿಗೆ ಬಂದ ಏಳಂಕಿಯ ನಂಬರು ಮಾತ್ರ ಅದೇ.
ನಿವ್ವಳ ಟನ್ನೂ ಅದೇ.
ಹಳೆಯ ರಸೀದಿಯ ಗಡುವು ಮೀರಿತ್ತು,
ಹೊಸದಾಗಿ ಲೆಕ್ಕ ಹಾಕಿದೆ.

ಈಗಿನ ಅಡುಗೆಯವರು ಯಾರು ಎಂದು ಏಜೆಂಟನನ್ನು ಕೇಳಿದೆ.
ಅದು ನಮೂನೆಯಲ್ಲಿದೆಯೇ ಎಂದ.
ಇಲ್ಲ, ಎಂದೆ.
ಪೆನ್ನಿನ ಕ್ಯಾಪು ತೆಗೆದೇ ಇಟ್ಟೆ.