ಲೇಯರ್ ಏಳು: ಫಿಂಜಾನ್

ರೂವಿಯಲ್ಲಿ, ಹೊಲಿಗೆಯಂಗಡಿಯ ನೆತ್ತಿಯ ಮೇಲೆ, ಮೂರನೇ ಮಹಡಿ.
ಇಪ್ಪತ್ತು ಸೆಕೆಂಡಿನ ಕಾಫಿ ಜಾಹೀರಾತು.
ಸೆಕೆಂಡಿಗೆ ಇಪ್ಪತ್ತೈದು ಫ್ರೇಮು, ಒಟ್ಟು ಐನೂರು,
ಅದರಲ್ಲಿ ನನ್ನನ್ನು ಮೂರು ದಿನ ಹಿಡಿದು ಕೂರಿಸಿದ್ದು
ಹತ್ತೊಂಬತ್ತೇ ಫ್ರೇಮು.

ಮೊದಲು ಬರೆದಾಗ ಬಿದ್ರಿಯ ಹೂಜಿಯೇ ಬಂತು,
ಕಪ್ಪು ಮೈ, ಬೆಳ್ಳಿ ಬಳ್ಳಿ. ಕೈಗೆ ಅದೇ ಗೊತ್ತು.
ಪಾರ್ಟಿಯವರು ನಕ್ಕರು: ದಲ್ಲಾ ಅಂದರೆ ಇದಾ ಮ್ಯಾಡಮ್,
ಕೊಕ್ಕು ಎಲ್ಲಿ?
ಕೊಕ್ಕು ಕೊಟ್ಟೆ. ಕೊಕ್ಕಿನಿಂದ ಕಹ್ವಾ ಇಳಿಸಿದೆ,
ಏಲಕ್ಕಿ ಬಣ್ಣದ ಸಣ್ಣ ಎಳೆ.

ಅರಬಿ ಅಕ್ಷರ ಬಲದಿಂದ ಬರಬೇಕು.
ಒಂದೊಂದಾಗಿ ಬಿಟ್ಟರೆ ಹಿಡಿದ ಕೈ ಬಿಟ್ಟು ಒಂಟಿ ನಿಲ್ಲುತ್ತವೆ,
ನಮ್ಮ ಒತ್ತಕ್ಷರ ಈ ಸಾಫ್ಟ್‌ವೇರಿನಲ್ಲಿ
ಪಾದ ಕಳಚಿಕೊಂಡು ನಿಲ್ಲುವ ಹಾಗೆ.
ಅದಕ್ಕೇ ಇಡೀ ಪದಕ್ಕೆ ಮರೆ ಹೊದಿಸಿ
ಮರೆಯನ್ನೇ ಎಡಕ್ಕೆ ಸರಿಸಿದೆ.
ಪದ ಮೊದಲಿಂದ ಅಲ್ಲೇ ಇತ್ತು.

ಉಳಿದದ್ದು ಬಟ್ಟಲು.
ಅತಿಥಿ ಕುಡಿದಿದ್ದಾನೆ, ಮತ್ತೆ ಸುರಿಯಲು ಬಂದಿದ್ದಾರೆ,
ಅವನು ಫಿಂಜಾನನ್ನು ಅಲುಗಿಸುತ್ತಾನೆ,
ಅಲುಗಿಸಿದರೆ ಸಾಕು ಎಂದು ಅರ್ಥ.
ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲಿಲ್ಲ.

ಎಡಕ್ಕೊಂದು ಹರಳು, ಬಲಕ್ಕೊಂದು,
ಮತ್ತೆ ಎಡ, ಮತ್ತೆ ಬಲ,
ಭತ್ತದ ಸಸಿ ನೆಟ್ಟಂತೆ ಸಮದೂರದಲ್ಲಿ ಕೀಫ್ರೇಮು ನೆಟ್ಟೆ.
ಓಡಿಸಿದರೆ ಬಟ್ಟಲೇನೋ ಅಲುಗುತ್ತದೆ,
ಸಾಕು ಅನ್ನುತ್ತಿಲ್ಲ.

ಒಂಬತ್ತೂವರೆಗೆ ಬೀಗದ ಗೊಂಚಲು ಹಿಡಿದು ಬಂದ ಖಲ್ಫಾನ್,
ಕಟ್ಟಡದ ಕಾವಲು, ಒಂದು ಕಾಲಕ್ಕೆ
ಮತ್ರಾಹ್ ಬಂದರಿನಲ್ಲಿ ಮೂಟೆ ಎಣಿಸುತ್ತಿದ್ದವನು.
ಅವನದು ಬಂದರಿನ ಹಿಂದಿ, ನನ್ನದು ಬೀದರಿನ ದಖನಿ,
ನಡುವೆ ಉದುರಿದ್ದನ್ನು ಇಬ್ಬರೂ ಹೆಕ್ಕುವುದಿಲ್ಲ.
ಪರದೆ ನೋಡಿದ. ಇನ್ನೊಮ್ಮೆ ಹಾಕು ಅಂದ.
ಪಾಪ, ಇವನಿಗೆ ಜ್ವರ, ಅಂದ.

ಖರ್ಜೂರದ ಡಬ್ಬಿ ನನ್ನ ಕಡೆ ದೂಡಿ
ಫ್ಲಾಸ್ಕಿನಿಂದ ಸುರಿದುಕೊಂಡು ಕುಡಿದು ತೋರಿಸಿದ.
ಫೋನಿನಲ್ಲಿ ಹಿಡಿದೆ. ಇನ್ನೊಮ್ಮೆ ಅಂದೆ.
ಇನ್ನೊಮ್ಮೆ ಅಂದರೆ ಇನ್ನೊಂದು ಬಟ್ಟಲು;
ಕುಡಿಯದೆ ಅಲುಗಿಸಿದರೆ ಸುಳ್ಳಾಗುತ್ತದಂತೆ.
ಐದು ಬಟ್ಟಲು ಕುಡಿದ. ಹೇಗೂ ನಿದ್ದೆ
ನನ್ನ ಕೆಲಸದಲ್ಲಿ ಬರೆದಿಲ್ಲ ಅಂದ.

ನಿಮ್ಮೂರಲ್ಲಿ ಏನನ್ನುತ್ತಾರೆ ಇದಕ್ಕೆ?
ಸಾಕು, ಅಂದೆ. ಉಣಿಸಿ ಬೆಳೆಸು ಅನ್ನುವುದಕ್ಕೂ
ಅದೇ ಪದ, ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದ.
ಹಾಗಾದರೆ ಸುರಿಯುವವನು ಏನಂತ ತಿಳಿಯಬೇಕು?

ಅವನು ಸುತ್ತು ಹೊಡೆಯಲು ಹೋದ ಮೇಲೆ
ಫ್ರೇಮು ಫ್ರೇಮಾಗಿ ಬಿಚ್ಚಿದೆ.
ಅಲುಗುವುದಕ್ಕೆ ಮೊದಲು ಕೈ ನಿಲ್ಲುತ್ತದೆ,
ನಾಲ್ಕು ಫ್ರೇಮು,
ಸುರಿಯುವವನ ಕಣ್ಣು ಸಿಗುವ ತನಕ.
ಮೊದಲ ತಿರುವು ಚುರುಕು. ಎರಡನೆಯದು ಅದರ ಅರ್ಧ.
ಮೂರನೆಯದು ಇದೆಯೋ ಇಲ್ಲವೋ, ಬಟ್ಟಲಿಗೇ ಗೊತ್ತಿಲ್ಲ.
ಮಣಿಕಟ್ಟು ಮೊದಲು, ಬಟ್ಟಲು ಎರಡು ಫ್ರೇಮು ತಡ,
ತಳದ ಗಸಿ ಇನ್ನೂ ಮೂರು ತಡ,
ಪಡಸಾಲೆಯ ಮಾತು ಅಡುಗೆಮನೆಗೆ ಮುಟ್ಟುವ ಹಾಗೆ.

ಹರಳೆಲ್ಲ ಕಿತ್ತೆ. ಕೈಯ ಪಟ್ಟಿ, ಬಟ್ಟಲಿನ ಪಟ್ಟಿ, ಕಹ್ವಾದ ಪಟ್ಟಿ
ಒಂದರ ಬೆನ್ನಿಗೊಂದು ಮೆಟ್ಟಿಲು ಮಾಡಿ ಜರುಗಿಸಿದೆ.
ರೇಖೆಯ ಏರನ್ನು ಕಡಿದಾಗಿ ನಿಲ್ಲಿಸಿ
ಇಳಿಜಾರನ್ನು ಎಳೆದೆ, ಇನ್ನೂ ಎಳೆದೆ,
ಕಣ್ಣಿಗೆ ನೆಲ ಯಾವುದೆಂದು ತಿಳಿಯದಷ್ಟು.

ಕೆಳಗೆ ಕೊನೆಯ ಹೊಲಿಗೆ ಯಂತ್ರವೂ ನಿಂತ ಮೇಲೆ
ಖಲ್ಫಾನ್ ಮತ್ತೆ ಬಂದ. ತೋರಿಸಿದೆ.
ಏನೂ ಹೇಳಲಿಲ್ಲ.
ಪರದೆಯತ್ತ ನೋಡುತ್ತಲೇ, ಕೈಯಲ್ಲಿದ್ದ ಫ್ಲಾಸ್ಕಿಗೆ
ಮುಚ್ಚಳ ಹಾಕಿ ತಿರುಗಿಸಿದ.

ಬೆಳಿಗ್ಗೆ ಪಾರ್ಟಿಯ ಸಂದೇಶ: ಹದಿನೈದು ಸೆಕೆಂಡಿಗೆ ಇಳಿಸಿ.
ನೂರಿಪ್ಪತ್ತೈದು ಫ್ರೇಮು ಹೋಗಬೇಕು.
ಸೂರ್ಯನನ್ನು ಬೇಗ ಎಬ್ಬಿಸಿದೆ. ಹಬೆ ತೆಗೆದೆ.
ಬೆಟ್ಟಗಳನ್ನು ಪೂರ್ತಿ ತೆಗೆದೆ, ಯಾರೂ ಕೇಳಲಿಲ್ಲ.
ಅಲ್ಲೊಂದು ಖಾಲಿ ನಿಲುವು ಇದೆಯಲ್ಲ, ನಾಲ್ಕು ಫ್ರೇಮು,
ಅದು ಯಾಕೆ, ಎಂದು ಮತ್ತೆ ಬರೆದರು.

ಕಾಣಿಸದವಳ ಹಾಗೆ ಇದ್ದೆ.
ಲೇಯರ್ ಏಳರ ಪಕ್ಕದ ಸಣ್ಣ ಬೀಗ
ರಾತ್ರಿಯೇ ಒತ್ತಿದ್ದೆ.