ಟಿಕೀಟಿಲ್ಲದ ಮಂದಿ

ಅಣ್ಣಿಗೇರಿ ದಾಟಿದ ಕೂಡಲೇ
ಹೊಟ್ಟ್ಯಾಗ ಯಾರೋ ಸೀಟಿ ಊದಿದ್ರು.
ಸೀಟಿ ನನ್ನ ಕೊರಳಾಗ ಇತ್ತು.

ಭದ್ರಾಪುರದ ಬೇವಿನ ಗಿಡದ ಹತ್ರ
ನದಾಫ ಗಾಡಿ ತರುಬಿದ.
ಎಂಜಿನ್ನಿಗೆ ಇಟ್ಟ ನೀರಿನ ಕ್ಯಾನು ಹಿಡಕೊಂಡು ಓಡಿದೆ,
ಚರ್ಮದ ಚೀಲ ಎದಿಗೆ ಅವಚಿಕೊಂಡು.
ರೊಕ್ಕ ಬಿಟ್ಟು ಹೋಗೂ ಹಂಗಿಲ್ಲ, ರೂಲ್ಸು.
ಕಿಟಕ್ಯಾಗ ಒಂದು ಹುಡುಗಿ ನಕ್ಕಳು. ನಗಲಿ.

ಗುಳಿಗಿ ಶುರುವಾಗಿ ಹದಿನೇಳು ದಿನ.
ಬಿಳೇದು, ಉದ್ದಂದು, ಶೇಂಗಾ ಬೀಜಕ್ಕಿಂತ ಒಂದು ಸುತ್ತು ದೊಡ್ಡದು.
‘ಸಕ್ಕರಿ ಇಳೀತೈತಿ’ ಅಂದಿದ್ರು ಹೊಂಬಾಳಿ ಡಾಕ್ಟರಬಾಯಾರು.
ನಾನೂ ಇಳೀಬೇಕಾಗತೈತಿ ಅಂದಿದ್ದಿಲ್ಲ.

ಮತ್ತ ಗದಗಿಗೆ ಹೋದಾಗ
ಚೀಟಿ ಹಿಂದ ಒಂದು ಡೊಂಕು ದಾರಿ ಗೀಚಿದ್ರು.
‘ಇದು ನಿಮ್ಮ ಕರಳು.
ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವ ಇಲ್ಲಿ ಸಂಸಾರ ಮಾಡ್ಯಾವ.
ಗುಳಿಗಿ ರಕ್ತಕ್ಕ ಸೇರೂ ಮೊದಲು ಇವುಗಳ ಓಣ್ಯಾಗ ಹಾಯತೈತಿ.
ಕೆಲವು ಜಾಗಾ ಬಿಡತಾವ, ಕೆಲವು ಸರದು ಕೂಡತಾವ,
ಮೂಲ್ಯಾಗ ಮುದುಡಿದ್ದ ಒಂದು ಜಾತಿ,
ಕರಳಿನ ಲೋಳಿ ತಿಂದು ಬದುಕೂವಂಥದು,
ಒಮ್ಮಿಗೇ ಕಾಲು ಚಾಚತೈತಿ.
ಸಕ್ಕರಿ ಇಳಿಸೂದ್ರಾಗ ಇವುಗಳ ಕೈಯೂ ಇರಬಹುದು.
ಎಷ್ಟು ಅಂತ ನಮಗೂ ಪೂರ್ತಿ ಗೊತ್ತಿಲ್ಲ.’

ಗೊತ್ತಿಲ್ಲ ಅಂದ ಡಾಕ್ಟರನ್ನ ಅವತ್ತೇ ಮೊದಲ ನೋಡಿದ್ದು.
ಕೈ ಮುಗಿಯೂಣು ಅನ್ನಿಸ್ತು.

ಇಪ್ಪತ್ತೆರಡು ವರ್ಷ ತಲಿ ಎಣಿಸಿದಾಂವ ನಾನು.
ಹುಲಕೋಟ್ಯಾಗ ಹತ್ತಿದವರೆಷ್ಟು, ನಲವಡ್ಯಾಗ ಇಳಿದವರೆಷ್ಟು
ಕಣ್ಣು ಮುಚ್ಚಿ ಹೇಳೇನು.
ನನ್ನೊಳಗ ಇಷ್ಟು ಮಂದಿ
ಟಿಕೀಟಿಲ್ಲ, ಪಾಸಿಲ್ಲ,
ಅವ್ವನ ಮಲಿಹಾಲಿನ ಕಾಲದಿಂದ ಕುಂತಾರ.
ಒಬ್ಬರ ಮಾರಿನೂ ನೋಡಿದಾಂವಲ್ಲ.
ಗದ್ದಲ ಎದ್ದಾಗಷ್ಟೇ
ಗಾಡಿ ತುಂಬೇತಿ ಅಂತ ಗೊತ್ತಾತು.

ಈಗ ಗುಳಿಗಿ ಬದಲಾಗೇತಿ, ಸಾವಕಾಶ ಕರಗೂದು.
ತಡೆರಹಿತ ಅಲ್ಲ,
ಊರೂರಿಗೆ ನಿಂತು ಮಾತಾಡಿಸಿ ಹೋಗೂದು.
ನೀಲವ್ವ ಬುತ್ತಿ ಕಟ್ಟತಾಳ:
ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ, ಮೊಳಕಿ ಬಂದ ಮಡಿಕಿ ಕಾಳು.
‘ಇಷ್ಟು ಕಾಳು ಯಾರಿಗೆ?’ ಅಂದ್ರ
‘ನಿಮ್ಮ ಪ್ಯಾಸೆಂಜರಿಗೆ’ ಅಂತಾಳ. ನಗೂದಿಲ್ಲ.

ಹೊಟ್ಟಿ ಪೂರ್ತಿ ಸುಮ್ಮನಾಗೇತಿ ಅಂತೇನಲ್ಲ.
ರಾತ್ರಿ ಹುಬ್ಬಳ್ಳಿ ಡಿಪೋದಾಗ ಸೀಟಿನ ಮ್ಯಾಲೆ ಅಡ್ಡಾದ್ರ
ಒಳಗ ಗುಸುಗುಸು, ಗುರ್ ಅನ್ನೂದು,
ಯಾರೋ ಜಾಗಾ ಕೇಳೂದು, ಯಾರೋ ಕೊಡದಿರೂದು.
ರೊಕ್ಕ ತಾಳಿ ಆಗತೈತಿ, ತಲಿ ಆಗೂದಿಲ್ಲ.

ನಿನ್ನೆ ಭದ್ರಾಪುರ ಬಂತು.
ನದಾಫ ಬ್ರೇಕಿನ ಮ್ಯಾಲೆ ಕಾಲಿಟ್ಟು
ಕನ್ನಡಿಯೊಳಗ ನನ್ನ ನೋಡಿದ.
ಹೊಟ್ಟಿ ಮ್ಯಾಲೆ ಅಂಗೈ ಇಟ್ಟು ಕೇಳಿದೆ.
ಒಂದು ಗಳಿಗಿ ತಡದೆ.
ಎರಡು ಸೀಟಿ ಹೊಡದೆ.