ಅಕ್ಕಿಯ ಹಾಜರಿ

ಬೀಗದ ಕೈ ನನ್ನ ಸೆರಗಿನ ಗಂಟಲ್ಲಿದೆ.
ಅಡುಗೆಯವಳ ಹತ್ತಿರ ಯಾಕೆ ಅಂತ ಕೇಳಬೇಡಿ,
ಬೇರೆ ಯಾರ ಹತ್ತಿರ ಇರಬೇಕಿತ್ತು ಅಂತ ಕೇಳಿ.

ಕೊಕ್ಕರೆಕೊಲ್ಲಿ ಹಾಡಿ, ತಿತಿಮತಿಯಿಂದ ಆಚೆ,
ಟಾರು ಮುಗಿದ ಮೇಲೆ ಇನ್ನೂ ಒಂದು ಗಂಟೆ ನಡಿಗೆ.
ಒಂದರಿಂದ ಐದು, ಎಲ್ಲ ಒಂದೇ ಕೋಣೆ.
ರಾತ್ರಿ ಆನೆ ಬಂದು ಹೋಗಿದ್ದರೆ
ಮೊದಲು ನೋಡುವುದು ಅಕ್ಕಿ ಚೀಲ, ಆಮೇಲೆ ಕಪ್ಪು ಹಲಗೆ.
ಎರಡೂ ಉಳಿದಿದ್ದರೆ ಶಾಲೆ ಉಂಟು ಅಂತ ಲೆಕ್ಕ.

ಶೇಖರಗೌಡ ಮೇಷ್ಟ್ರು ಗದಗದ ಕಡೆಯವರು.
ಮೊದಲ ದಿನ ಇಂಬಳ ಕಂಡು ಬೆಂಚು ಹತ್ತಿದ್ದರು.
ಮಕ್ಕಳು ನಕ್ಕರು, ಅವರೂ ನಕ್ಕರು.
ನನಗೆ ಜೋಳದ ರೊಟ್ಟಿ ತಟ್ಟುವುದು ಕಲಿಸಿದರು,
ನನ್ನದು ಇವತ್ತಿಗೂ ದುಂಡಗಾಗುವುದಿಲ್ಲ.
ಎರಡು ವರ್ಷ. ಆಮೇಲೆ ಕೌನ್ಸೆಲಿಂಗ್ ಅಂತ ಹೋದರು.
ತಪ್ಪು ಅನ್ನಲಾರೆ, ಅವರಿಗೂ ಊರುಂಟು, ತಾಯಿ ಉಂಟು.
ಕೊಡೆ ಮಾತ್ರ ಇನ್ನೂ ಮೊಳೆಯಲ್ಲಿದೆ.
ಆಮೇಲೆ ನಿಯೋಜನೆಯ ಟೀಚರ್,
ಮೂರು ಶಾಲೆಗೆ ಒಬ್ಬರು,
ನಮ್ಮ ಪಾಲಿಗೆ ಗುರುವಾರ.
ಈಗ ಅವರಿಗೆ ಹೆರಿಗೆ ರಜೆ. ಗುರುವಾರವೂ ಇಲ್ಲ.

ಹಾಜರಿ ಪುಸ್ತಕ ಓದಲು ನನಗೆ ಬಾರದು.
ನಾನು ಹಾಜರಿ ಹಾಕುವುದು ಅಕ್ಕಿಯಲ್ಲಿ,
ತಲೆಗೊಂದು ಹಿಡಿ.
ಹದಿಮೂರು ಹಿಡಿ ಅಂದರೆ ಎಲ್ಲರೂ ಬಂದರು.
ಎಂಟು ಅಂದರೆ ತೋಟದಲ್ಲಿ ಕಾಫಿ ಹಣ್ಣಾಗಿದೆ,
ರೈಟರು ಬೆಳಗ್ಗೆಯೇ ಜೀಪು ತಂದಿದ್ದಾನೆ.
ಕೆಳಗಿನ ಕೊಂಬೆಗೆ ಸಣ್ಣ ಕೈ ಬೇಕಂತೆ.
ಶಾಲೆಯಲ್ಲಿ ಮೇಷ್ಟ್ರೇ ಇಲ್ಲವಲ್ಲ, ಅನ್ನುತ್ತಾನೆ.
ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ,
ಸೌಟು ಇದೆ.

ಮೇಲೊಂದು ಹಿಡಿ ಹಾಕುತ್ತೇನೆ, ಬಾರದ ಮೇಷ್ಟ್ರ ಹೆಸರಲ್ಲಿ.
ಅದನ್ನು ತಿಂದು ತಿಂದು ಕೆಂದ ನಾಯಿ ದಪ್ಪಗಾಗಿ
ಹೊಸ್ತಿಲಲ್ಲೇ ಮಲಗಿರುತ್ತದೆ.
ಮಕ್ಕಳು ಅದಕ್ಕೆ ಹೆಡ್‌ಮಾಸ್ಟರ್ ಅಂತ ಹೆಸರಿಟ್ಟಿದ್ದಾರೆ.

ಕಳೆದ ವಾರ ವಿರಾಜಪೇಟೆಯಿಂದ ಸಾಹೇಬರು ಬಂದರು.
ಹೆಡ್‌ಮಾಸ್ಟರ್ ಎಲ್ಲಿ, ಕೇಳಿದರು.
ಹನ್ನೊಂದು ಬೆರಳು ನಾಯಿಯ ಕಡೆ.
ಡ್ರೈವರ್ ನಕ್ಕ. ಸಾಹೇಬರು ನಗಲಿಲ್ಲ.
ಪಾಪ, ನಡೆದು ಬಂದ ಬೆವರು ಒರೆಸಿಕೊಂಡು
ಬೆಂಚಿನ ತುದಿಯಲ್ಲಿ ಕೂತು ಕಾಗದ ತೆಗೆದರು:
ಮಕ್ಕಳು ಕಡಿಮೆ, ಪಕ್ಕದ ಶಾಲೆಗೆ ವಿಲೀನ.

ಪಕ್ಕ ಅಂದರೆ ಏಳು ಕಿಲೋಮೀಟರ್,
ಆನೆ ಇಳಿದು ಹತ್ತುವ ಕಂದಕದ ಆಚೆ.
ಮನೆಗೆ ಒಂದು ಕಿಲೋಮೀಟರಿನೊಳಗೆ ಶಾಲೆ, ಅದು ಹಕ್ಕು,
ಹಾಗಂತ ಹೊರಗಿನ ಗೋಡೆಯಲ್ಲಿ ನೀಲಿ ಬಣ್ಣದಲ್ಲಿ ಉಂಟು,
ಅಮ್ಮಿಣಿ ಓದಿ ಹೇಳಿದ್ದಳು.

ಐದನೆಯ ಕ್ಲಾಸಿನ ಅಮ್ಮಿಣಿ.
ಒಂದು, ಎರಡರ ಮಕ್ಕಳಿಗೆ ಈಗ ಅವಳೇ ಅಕ್ಷರ.
ಎದ್ದು ನಿಂತಳು: ಸಾರ್, ವಿಲೀನ ಅಂದರೆ?
ಸಾಹೇಬರ ಬಾಯಿ ತೆರೆಯಿತು, ಮುಚ್ಚಿತು.
ಅರ್ಥ ಆಗದ ಪದ ಹಲಗೆಗೆ ಹೋಗಬೇಕು,
ಅದು ಶೇಖರಗೌಡ ಮೇಷ್ಟ್ರ ಕಾಲದ ಪದ್ಧತಿ.
ಅವಳು ಸೀಮೆಸುಣ್ಣ ತೆಗೆದು ಬರೆದಳು.
ಮಕ್ಕಳು ಚಪ್ಪಾಳೆ ತಟ್ಟಿ ಬಿಡಿಸಿದರು:
ವಿ. ಲಿ. ನ.
ಕೊನೆಯದು ನನಗೂ ಗೊತ್ತು,
ಹಾಲಿನ ಪುಡಿಯ ಪೊಟ್ಟಣದಲ್ಲಿ ದಿನಾ ನೋಡುತ್ತೇನೆ.

ಆಗ ಒಂದನೆಯ ಕ್ಲಾಸಿನ ಚೋಮ,
ಮೂಗು ಸುರಿಯುವ, ಅಂಗಿಗೆ ಎರಡೇ ಗುಂಡಿಯ ಚೋಮ,
ಅಕ್ಕಾ, ದೀರ್ಘ ಮರೆತೆ, ಅಂದ.

ಅಮ್ಮಿಣಿ ನಾಲಗೆ ಕಚ್ಚಿಕೊಂಡು ತಿದ್ದಿದಳು.
ಸಾಹೇಬರು ಒಮ್ಮೆ ಹಲಗೆ ನೋಡಿದರು,
ಒಮ್ಮೆ ಕಾಗದ ನೋಡಿದರು.
ಊಟ ಹಾಕಿದೆ. ಮೇಷ್ಟ್ರ ಪಾಲನ್ನೇ ಉಂಡರು.
ನಾಯಿ ಅವರನ್ನೇ ನೋಡುತ್ತಾ ಕೂತಿತ್ತು.
ನೋಡೋಣ, ಅಂತ ಹೇಳಿ ಹೋದರು.
ಅದೂ ನ-ಕಾರದಿಂದಲೇ ಶುರು, ಅಂದಳು ಅಮ್ಮಿಣಿ.

ಮರುದಿನ ಬೀಗ ತೆಗೆದೆ, ಕಸ ಗುಡಿಸಿದೆ.
ಆ ಪದ ಹಾಗೆಯೇ ಇತ್ತು, ದೀರ್ಘದ ಸಮೇತ.
ಒರೆಸಬೇಕೋ ಬೇಡವೋ ತಿಳಿಯದೆ
ಒದ್ದೆ ಬಟ್ಟೆ ಹಿಡಿದು ನಿಂತೆ.
ಮುಳ್ಳುಬೇಲಿಯ ಆಚೆ ಜೀಪಿನ ಸದ್ದು.
ಒಲೆಯ ಮೇಲೆ ನೀರು ಕುದಿಯುತ್ತಿತ್ತು.
ಎಷ್ಟು ಹಿಡಿ ಅಂತ ದಾರಿ ನೋಡಿದೆ.